ಸಿಂಹಾಸನದ ಸೊನ್ನೆ

ನಮ್ಮೂರಿನಲ್ಲಿ ಚೆಂಬನ್ನು ಕರೆದರೆ ಚೆಂಬು ಬರುತ್ತದೆ. ಹೆಸರು ಹಿಡಿದು ಕರೆಯಬೇಕು, ಅಷ್ಟೇ. ಛತ್ರಿ, ಒರಳುಕಲ್ಲು, ಸೈಕಲ್ಲು, ಹೊಲಿಗೆ ಮೆಷಿನ್ನು ಎಲ್ಲವೂ ಹಾಗೆಯೇ. ಕಾಲಿದ್ದವು ನಡೆಯುತ್ತವೆ, ದುಂಡಗಿದ್ದವು ಉರುಳುತ್ತವೆ, ಎರಡೂ ಅಲ್ಲದವು ಹೇಗೋ ತೆವಳಿಕೊಂಡು ಬಂದು ಸೇರುತ್ತವೆ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ನಮ್ಮ ಹಳ್ಳಿಯಲ್ಲಿ ಚೆಂಬು ಬೇಕಾದರೆ ಎದ್ದು ಹೋಗಬೇಕಿತ್ತು. ಇಲ್ಲಿ ಮದುವೆಯ ಮಾರನೆಯ ದಿನ ಅತ್ತೆ ಒಲೆಯ ಮುಂದೆ ಕೂತಲ್ಲಿಂದಲೇ ಏನೋ ಹೆಸರು ಕೂಗಿದರು. ನಡುಮನೆಯಿಂದ ಒಂದು ಜರಡಿ ಉರುಳಿಕೊಂಡು ಬಂದು ನನ್ನ ಕಾಲ ಮೇಲೆ ಹತ್ತಿ ಹೋಯಿತು. ನಾನು ಕಿರುಚಿದೆ. 'ಅದರ ದಾರಿಗೆ ಯಾಕೆ ಅಡ್ಡ ನಿಂತೆ?' ಎಂದು ಅತ್ತೆ ನನ್ನನ್ನೇ ಗದರಿದರು. ಅಲ್ಲಿಗೆ ನನ್ನ ಪಾಠ ಮುಗಿಯಿತು.

ಊರಿನವರು ಇದಕ್ಕೆಲ್ಲ ಹೊಂದಿಕೊಂಡೇ ಬದುಕುತ್ತಾರೆ. ಪ್ರತಿ ಬಾಗಿಲ ಕೆಳಗೂ ಪಾತ್ರೆ ಪಡಗ ನುಸುಳುವಷ್ಟು ಒಂದು ಕಿಂಡಿ ಇರುತ್ತದೆ. ರಸ್ತೆಯ ಎಡದಂಚು ಸಾಮಾನುಗಳಿಗೆ ಬಿಟ್ಟದ್ದು. ಅಲ್ಲಿ ಯಾರದೋ ರುಬ್ಬುಗುಂಡು ಹೋಗುತ್ತಿದ್ದರೆ ಬಸ್ಸೂ ನಿಲ್ಲುತ್ತದೆ. ಮದುವೆ ಛತ್ರದ ಬಾಗಿಲಲ್ಲಿ 'ಇಲ್ಲಿ ಯಾರೂ ಚಪ್ಪಲಿಯ ಹೆಸರು ಕೂಗಬಾರದು' ಎಂಬ ಬೋರ್ಡು ತೂಗುತ್ತದೆ. ತೊಂದರೆ ಇದ್ದದ್ದು ಒಂದೇ. ಎಲ್ಲರೂ ಎಲ್ಲದಕ್ಕೂ ಲಕ್ಷ್ಮಿ ಎಂದೇ ಹೆಸರಿಡುತ್ತಿದ್ದ ಕಾಲವೊಂದಿತ್ತಂತೆ. ಯಾರೋ ಒಬ್ಬಾಕೆ 'ಲಕ್ಷ್ಮೀ' ಅಂದರೆ ಬೀದಿಯ ಬಿಂದಿಗೆಗಳು, ಮೊರಗಳು, ಕಬ್ಬಿಣದ ಬೀರುಗಳ ಸಮೇತ ಅವಳ ಅಂಗಳಕ್ಕೆ ನುಗ್ಗುತ್ತಿದ್ದವಂತೆ. ಅದಕ್ಕಾಗಿಯೇ ಹೆಸರುಮನೆ ಎಂಬ ಕಚೇರಿ ಹುಟ್ಟಿದ್ದು. ಒಂದು ಹೆಸರು ಒಂದೇ ವಸ್ತುವಿಗೆ. ಅಲ್ಲಿ ಬರೆಸಿದ ಹೆಸರಿಗೆ ಮಾತ್ರ ವಸ್ತು ಓಗೊಡುತ್ತದೆ. ಆ ಹೆಸರುಗಳ ಡೇಟಾಬೇಸನ್ನು ನೋಡಿಕೊಳ್ಳುವವಳು ನಾನು.

ಡೇಟಾಬೇಸ್ ಅಂದರೇನು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಊರಿನ ಅಡುಗೆಮನೆಗಳೆಲ್ಲ ಸೇರಿ ಒಂದೇ ಅಡುಗೆಮನೆಯಾದರೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿರುವ ಒಬ್ಬಳು ಬೇಕಲ್ಲ, ಅವಳು ನಾನು. ಓದಿದ್ದು ಹಳ್ಳಿಯ ಶಾಲೆಯಲ್ಲಿ. ಉಳಿದದ್ದೆಲ್ಲ ಈ ಕುರ್ಚಿಯಲ್ಲಿ ಕೂತು ಬೈಸಿಕೊಂಡು, ಬೈದು ಕಲಿತದ್ದು. ನಾನು ಸ್ವಲ್ಪ ಸಿಡುಕಿ. ಸ್ವಲ್ಪ ಅಂದದ್ದು ಮರ್ಯಾದೆಗೆ.

ಸಿಡುಕದೆ ಇನ್ನೇನು ಮಾಡಲಿ? ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಿರುತ್ತೇನೆ, ಪಕ್ಕದವರು ಪಾಯಸ ಬಡಿಸುವ ಹೊತ್ತಿಗೇ ಕೇಳುತ್ತಾರೆ: 'ಮೇಡಂ, ನಮ್ಮ ಛತ್ರಿ ಬರ್ತಾ ಇಲ್ಲ, ಸ್ವಲ್ಪ ನೋಡ್ತೀರಾ?' ಛತ್ರಿಯ ಕಡ್ಡಿ ಮುರಿದಿದ್ದರೂ ನನ್ನನ್ನೇ ಕೇಳುತ್ತಾರೆ, ಕರೆಂಟು ಹೋದರೂ ನನ್ನನ್ನೇ. ಎಲ್ಲ ಸರಿಯಾಗಿ ನಡೆದಷ್ಟು ದಿನ ನಾನೊಬ್ಬಳು ಇದ್ದೇನೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಇನ್ನು ಹೆಸರು ಟೈಪ್ ಮಾಡುವವರ ಕತೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟುಬಿಡುತ್ತಾರೆ. ಆ ವಸ್ತು ಕರೆದ ಮೇಲೂ, ಇನ್ನೂ ಏನೋ ಹೇಳಲಿಕ್ಕಿದೆ ಎಂದುಕೊಂಡು ಹೊಸ್ತಿಲ ಹತ್ತಿರವೇ ಕಾಯುತ್ತ ನಿಲ್ಲುತ್ತದೆ. ಒಬ್ಬಾತ ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದ. ನಮ್ಮವರು ಹಾಗೆಯೇ ಟೈಪ್ ಮಾಡಿದರು. ಆ ವಾರ ಮೀಟಿಂಗಿನಲ್ಲಿ ನಾನು ಏನೋ ಕೇಳಿದೆ, ನಮ್ಮ ಸಾಹೇಬರು ಸಿಟ್ಟಿನಿಂದ 'ಗೊತ್ತಿಲ್ಲಾ!' ಎಂದು ಕೂಗಿದರು. ಯಾರದೋ ಒರಳುಕಲ್ಲು ಬಾಗಿಲು ಮುರಿದುಕೊಂಡು ಒಳಗೆ ಬಂತು. ನಮ್ಮ ಸಾಹೇಬರಿಗೆ ಗೊತ್ತಿಲ್ಲದ ಸಂಗತಿಗಳು ಬಹಳ. ಅದನ್ನು ಸರಿಪಡಿಸುವಷ್ಟರಲ್ಲಿ ಆ ಒರಳು ಇನ್ನೂ ಕೆಲವು ಸಲ ಬಂದು ಹೋಯಿತು.

ಆದರೂ ಈ ಕೆಲಸ ನನಗೆ ಇಷ್ಟ. ಬೆಳಿಗ್ಗೆ ಕಚೇರಿ ತೆರೆಯುವುದಕ್ಕೆ ಮೊದಲೇ ಹೋಗಿ ಹಿಂದಿನ ದಿನ ಸೇರಿದ ಹೊಸ ಹೆಸರುಗಳನ್ನು ಓದುತ್ತ ಕೂರುವುದೆಂದರೆ ಬಿಸಿ ಕಾಫಿಯಷ್ಟೇ ಸುಖ. ಒಬ್ಬಾಕೆ ಕುಕ್ಕರಿಗೆ ಸಿಟ್ಟಮ್ಮ ಎಂದಿಟ್ಟಿದ್ದಾಳೆ. ಒಬ್ಬರ ಹಳೇ ಟ್ರಂಕಿನ ಹೆಸರು 'ಆಮೇಲೆ'. ಒಬ್ಬ ಮೇಷ್ಟ್ರು ತಮ್ಮ ಕನ್ನಡಕಕ್ಕೆ 'ಎಲ್ಲಿಟ್ಟೆ' ಎಂದು ಹೆಸರಿಟ್ಟಿದ್ದಾರೆ. ಊರಿನಲ್ಲಿ ಅವರಷ್ಟು ಬುದ್ಧಿವಂತರು ಇನ್ನೊಬ್ಬರಿಲ್ಲ. ಬೇರೆ ಯಾರು ಹಾಗಂದರೂ ಅವರ ಮೂಗಿನ ಮೇಲಿಂದ ಕನ್ನಡಕ ಇಳಿದು ಓಡುತ್ತದೆ ಎಂಬುದು ಬೇರೆ ಮಾತು. ಹೆಸರುಗಳನ್ನು ಸಾಲಾಗಿ ಜೋಡಿಸಿ, ಒಂದರ ಹಾಗೆ ಇನ್ನೊಂದು ಇಲ್ಲ ಎಂದು ಯಂತ್ರ ಹೇಳಿದಾಗ, ಸಾರಿಸಿ ರಂಗೋಲಿ ಬಿಟ್ಟ ಅಂಗಳ ನೋಡಿದ ಹಾಗಾಗುತ್ತದೆ ನನಗೆ. ಊರಿಗೆಲ್ಲ ಹೆಸರು ಒದಗಿಸುವ ನನ್ನ ಮನೆಯಲ್ಲೇ ಒಂದು ಕುರ್ಚಿ ಮಾತ್ರ ಕರೆದರೆ ಬರುತ್ತಿರಲಿಲ್ಲ. ಅದು ನನ್ನ ಅತ್ತೆಯ ಕುರ್ಚಿ. ಅದರ ಹೆಸರು ಸಿಂಹಾಸನ.

ಅತ್ತೆಯ ಹೆಸರು ಸಾವಂತ್ರಮ್ಮ. ಅವರಿಗೂ ಹಿಂದಿನ ಬೀದಿಯ ಕಮಲಾಜಮ್ಮನವರಿಗೂ ಬಾಲ್ಯದಿಂದ ಸ್ನೇಹ. ಇಬ್ಬರೂ ಕೂಡಿ ಒಂದೇ ಹಲಸಿನ ಮರ ಕೊಯ್ಯಿಸಿ, ಒಬ್ಬನೇ ಬಡಗಿಯ ಕೈಲಿ ಒಂದೇ ಅಚ್ಚಿನ ಎರಡು ಕುರ್ಚಿ ಮಾಡಿಸಿದ್ದರು. ಹೆಸರು ಬರೆಸಲು ಜೊತೆಯಾಗಿಯೇ ಹೋದರು. ಸಾಲಿನಲ್ಲಿ ಅತ್ತೆ ಮುಂದೆ, ಕಮಲಾಜಮ್ಮ ಹಿಂದೆ. ಅತ್ತೆ 'ಸಿಂಹಾಸನ' ಎಂದು ಬರೆಸಿ ಚೀಟಿ ತೆಗೆದುಕೊಂಡು ಪಕ್ಕಕ್ಕೆ ಸರಿದರೆ, ಹಿಂದಿನಿಂದ ಕಮಲಾಜಮ್ಮನೂ 'ಸಿಂಹಾಸನ' ಅಂದರಂತೆ. ಯಂತ್ರ ತಕರಾರು ಮಾಡಲಿಲ್ಲ, ಅವರಿಗೂ ಚೀಟಿ ಸಿಕ್ಕಿತು. 'ಹಿಂದಿನ ದಿನ ಬಟ್ಟೆ ಒಗೀತಾ ನಾನೇ ಬಾಯಿಬಿಟ್ಟು ಹೇಳಿದ್ದೆ, ಕದ್ದುಬಿಟ್ಟಳು' ಎನ್ನುತ್ತಾರೆ ಅತ್ತೆ. 'ನಮ್ಮವ್ವನ ಕುರ್ಚಿಗೂ ಅದೇ ಹೆಸರಿತ್ತು, ಕದ್ದವಳು ಅವಳು' ಎನ್ನುತ್ತಾರೆ ಕಮಲಾಜಮ್ಮ. ಅವತ್ತು ನಿಂತ ಮಾತು ಮತ್ತೆ ಶುರುವಾಗಲೇ ಇಲ್ಲ.

ಮಾತು ನಿಂತಿತು ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಸಂಜೆ ಕಾಫಿಯ ಹೊತ್ತಿಗೆ ಅತ್ತೆ ಜಗುಲಿಯಲ್ಲಿ ನಿಂತು 'ಸಿಂಹಾಸನಾ' ಎಂದು ಕರೆಯುತ್ತಿದ್ದರು. ನಮ್ಮ ಕುರ್ಚಿ ಮೂಲೆಯಲ್ಲಿ ಹಳೇ ಪೇಪರು ಹೊತ್ತುಕೊಂಡು ಕಲ್ಲಿನ ಹಾಗೆ ಇರುತ್ತಿತ್ತು. ಬದಲಿಗೆ ಹಿಂದಿನ ಬೀದಿಯಿಂದ ಕಮಲಾಜಮ್ಮನ ಕುರ್ಚಿ ಟಕಟಕ ಹೆಜ್ಜೆ ಹಾಕುತ್ತ ಬಂದು ನಮ್ಮ ಜಗುಲಿ ಹತ್ತುತ್ತಿತ್ತು. ಮೊದಲ ಸಲ ಕಮಲಾಜಮ್ಮ ತಮ್ಮ ಮನೆಯಿಂದಲೇ ಅದನ್ನು ವಾಪಸು ಕರೆದರಂತೆ. ಅತ್ತೆ ಮತ್ತೆ ಕರೆದರು. ಅವರು ಮತ್ತೆ. ಬಡಪಾಯಿ ಕುರ್ಚಿ ಬೀದಿಯಲ್ಲಿ ಅತ್ತಿಂದಿತ್ತ ಓಡಾಡಿ ಓಡಾಡಿ ಒಂದು ಕಾಲು ಸಡಿಲವಾಯಿತು. ಅವತ್ತಿನಿಂದ ಕಮಲಾಜಮ್ಮ ಕುರ್ಚಿಯನ್ನು ಕರೆದೊಯ್ಯಲು ಅದರ ಹಿಂದೆ ಖುದ್ದಾಗಿ ಬರತೊಡಗಿದರು. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುರ್ಚಿಯ ಜೊತೆ ಮಾತಾಡುತ್ತಿದ್ದರು.

'ಏ ಸಿಂಹಾಸನ, ನಿಂಗೆ ಮಾನ ಇಲ್ವಾ? ಕಂಡೋರ ಮನೆಗೆ ಹಿಂಗೆ ದಿನಾ ಓಡಿಬರ್ತೀಯಲ್ಲ' ಎಂದು ಕಮಲಾಜಮ್ಮ ಶುರುಮಾಡುವರು.

'ಸಿಂಹಾಸನ, ಹೇಳು ಅವಳಿಗೆ. ಮನೇಲಿ ನೆಟ್ಟಗೆ ನೋಡ್ಕೊಂಡಿದ್ರೆ ಅದ್ಯಾಕೆ ಓಡಿಬರ್ತಿತ್ತು? ಕಾಲು ನೋಡು, ಒಂದು ಮೊಳೆ ಹೊಡ್ಸೋರಿಲ್ಲ.'

'ಮೊಳೆ ಹೊಡ್ಸೋದು ನಂಗೊತ್ತು ಅಂತ ಹೇಳು. ಅವಳ ಕುರ್ಚಿ ಕಿವುಡು. ಕಿವುಡು ಯಾಕೆ ಅಂದ್ರೆ, ಆ ಗಂಟಲು ದಿನಾ ಕೇಳಿ ಕೇಳಿ.'

'ಏ ಸಿಂಹಾಸನ, ಕಾಫಿ ಆರೋಗ್ತದೆ ಅಂತ ಹೇಳು.'

'ಸಕ್ಕರೆ ಜಾಸ್ತಿ ಹಾಕವಳೋ ಏನೋ ಕೇಳು.'

ಹೀಗೆ ಊರಿನ ಸಮಾಚಾರ, ಮೊಮ್ಮಕ್ಕಳ ಜ್ವರ, ಮಂಡಿನೋವಿಗೆ ಹಚ್ಚುವ ಎಣ್ಣೆ, ಎಲ್ಲ ಆ ಕುರ್ಚಿಯ ಮೂಲಕವೇ ದಾಟುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕಮಲಾಜಮ್ಮ 'ನಡಿ ಮನೆಗೆ, ಮಾನಗೆಟ್ಟದ್ದೇ' ಎಂದು ಕುರ್ಚಿಯ ಬೆನ್ನು ಹಿಡಿದುಕೊಂಡು ಹೊರಡುವರು. ಅವರು ಬೀದಿ ತಿರುವಿದ ಮೇಲೆ ಅತ್ತೆ ನನ್ನ ಕಡೆ ತಿರುಗುವರು. 'ಊರೋರ ಚೆಂಬು ತಂಬಿಗೆಯೆಲ್ಲ ಓಡಿಸ್ತೀಯ. ಮನೇದೊಂದು ಕುರ್ಚಿ ಬರ್ಸೋಕಾಗಲ್ವೇನೇ ಅಂಬುಜಾ?'

ನಾನು ನೋಡಿಲ್ಲದ ದಿನವಿಲ್ಲ. ಸಿಂಹಾಸನ ಎಂದು ಹುಡುಕಿದರೆ ಯಂತ್ರ ಒಂದೇ ಸಾಲು ತೋರಿಸುತ್ತಿತ್ತು. ಕಮಲಾಜಮ್ಮನದು. ಅತ್ತೆಯ ಹೆಸರು ಬರೆಸಿಯೇ ಇಲ್ಲ, ಚೀಟಿ ಮಾತ್ರ ಕೊಟ್ಟು ಕಳಿಸಿದ್ದಾರೆ ಎಂದು ನಾನು ವಾದಿಸುತ್ತಿದ್ದೆ. ಹೊಸದಾಗಿ ಬರೆಯೋಣವೆಂದರೆ 'ಈ ಹೆಸರು ಈಗಾಗಲೇ ಇದೆ' ಎಂದು ಯಂತ್ರ ತಳ್ಳಿಬಿಡುತ್ತಿತ್ತು. ಬೇರೆ ಹೆಸರು ಇಡಿ ಎಂದರೆ ಅತ್ತೆ ಕೇಳುವವರಲ್ಲ. 'ಸಾಯೋಗಂಟ ನಾನು ಇದ್ನೇ ಕೂಗೋದು. ಮೊದಲು ಬರೆಸಿದವಳು ನಾನು.' 'ನಿಮಗೆ ಮರೆವು ಅತ್ತೆ.' 'ಮರೆವು ನಿನ್ ಯಂತ್ರಕ್ಕೆ.' ಇಬ್ಬರ ದನಿಯೂ ಏರುತ್ತಿತ್ತು. ನನ್ನ ಗಂಡ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ.

ಹೀಗಿರುವಾಗ ಸಾಹೇಬರು ಒಂದು ಹೊಸ ಯಂತ್ರ ತರಿಸಿದರು. ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸಬೇಕು, ಅದೂ ಈ ವಾರದೊಳಗೆ. ಇಂಥ ಕೆಲಸಕ್ಕೆ ಎಷ್ಟು ಕಾಲ ಬೇಕು ಎಂದು ನನ್ನನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. 'ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸುರಿಯೋದು ತಾನೇ ಮೇಡಂ' ಎಂದರು ಸಾಹೇಬರು. 'ಸಾರ್, ಮನೇಲಿ ಬೇಳೆ ಡಬ್ಬಿ ಬದಲಾಯಿಸೋವಾಗ್ಲೂ ಹುಳ ಇದೆಯಾ ನೋಡಿ ಬದಲಾಯಿಸ್ತೀವಿ' ಎಂದೆ. 'ಹಾಗಾದ್ರೆ ಹುಳ ತೆಗೀರಿ. ಬರೆಸಿದ ಮೇಲೆ ಯಾರೂ ಒಂದು ಸಲವೂ ಕರೆಯದ ಹೆಸರುಗಳನ್ನ ಕಿತ್ತುಹಾಕಿ' ಎಂದು ಹೇಳಿ ಎದ್ದುಹೋದರು.

ಯಾರೂ ಕರೆಯದ ಹೆಸರುಗಳನ್ನು ತೆಗೆದು ಅಕ್ಷರದ ಕ್ರಮದಲ್ಲಿ ಜೋಡಿಸಿದೆ. ಒಂದೊಂದನ್ನೇ ಓದುತ್ತ 'ಸ'ಕ್ಕೆ ಬಂದೆ. ಸಿಕ್ಕಣ್ಣ, ಸಿದ್ದಿ, ಸಿಪಾಯಿ, ಸಿಹಿಗುಂಬಳ. ಅದರ ಕೆಳಗೆ ಸಿಂಹಾಸನ.

ಕಣ್ಣುಜ್ಜಿಕೊಂಡೆ. ಊರಿನಲ್ಲಿ ದಿನವೂ ತಪ್ಪದೆ ಕೂಗುವ ಹೆಸರೊಂದಿದ್ದರೆ ಅದು ಸಿಂಹಾಸನ. ಯಾರೂ ಕರೆಯದವುಗಳ ನಡುವೆ ಅದಕ್ಕೇನು ಕೆಲಸ? ಅದೂ ಹೋಗಲಿ, 'ಸಿಂ' ಎಂಬುದು ಸಿಕ್ಕಣ್ಣನಿಗಿಂತ ಮೊದಲು ಬರಬೇಕು. ಇದು ಸಿಹಿಗುಂಬಳದ ಕೆಳಗೆ, ಪಂಕ್ತಿಗೆ ತಡವಾಗಿ ಬಂದವರ ಹಾಗೆ ಕೂತಿತ್ತು. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳು ಎಂದು ಯಂತ್ರವನ್ನು ಕೇಳಿದೆ. ಸ ಎಂದಿತು, ಗುಡಿಸು ಎಂದಿತು, ಆಮೇಲೆ 'ಅಂಕಿ, ಸೊನ್ನೆ' ಎಂದಿತು. ಸಿ೦ಹಾಸನ. ನೋಡಲು ಒಂದೇ. ಒಂದರಲ್ಲಿ ಅನುಸ್ವಾರ, ಇನ್ನೊಂದರಲ್ಲಿ ಲೆಕ್ಕದ ಸೊನ್ನೆ. ಯಂತ್ರಕ್ಕೆ ಇವು ಬೇರೆ ಬೇರೆ ಹೆಸರು. ಅದಕ್ಕೇ ತಕರಾರು ಮಾಡದೆ ಇಬ್ಬರಿಗೂ ಕೊಟ್ಟಿತ್ತು. ಕೂಗುವ ಬಾಯಲ್ಲಿ ಬರುವುದು ಅನುಸ್ವಾರವೇ, ಹಾಗಾಗಿ ಎಷ್ಟು ಕೂಗಿದರೂ ಅಂಕಿಯ ಹೆಸರಿನ ಕುರ್ಚಿಗೆ ಅದು ತಾಗಿರಲಿಲ್ಲ. ಕುರ್ಚಿಯ ಯಜಮಾನಿಯ ಹೆಸರು ನೋಡಿದೆ. ಸಾವಂತ್ರಮ್ಮ ಎಂದಿತ್ತು. ಅಲ್ಲೂ ಸೊನ್ನೆ ಅಂಕಿಯದೇ.

ಆ ಕಾಲಕ್ಕೆ ಟೈಪ್ ಮಾಡುತ್ತಿದ್ದವರು ದುಗ್ಗಪ್ಪನವರು. ಈಗ ನಿವೃತ್ತರಾಗಿ ಕಚೇರಿಯ ಎದುರಿಗೇ ಎಳನೀರು ಮಾರುತ್ತಾರೆ. ಒಂದೇ ಉಸಿರಿಗೆ ರಸ್ತೆ ದಾಟಿ ಹೋಗಿ ಅವರ ಮುಂದೆ ನಿಂತೆ.

'ದುಗ್ಗಪ್ಪನೋರೇ, ಸಿಂಹಾಸನಕ್ಕೆ ಯಾವ ಸೊನ್ನೆ ಹಾಕಿದ್ರಿ?'

'ಯಾವ ಸೊನ್ನೆ ಅಂದ್ರೆ? ಸೊನ್ನೆ ಅಂದ್ರೆ ಸೊನ್ನೆ. ದುಂಡಗೆ ಇರ್ತದಲ್ಲ ಮೇಡಂ.'

'ಅಂಕಿ ಸೊನ್ನೆ ಹಾಕಿದೀರಿ! ಅದು ಲೆಕ್ಕದ್ದು!'

'ಅನ್ನಕ್ಕೂ ಅದೇ ಲೋಟ, ಅಕ್ಕಿಗೂ ಅದೇ ಲೋಟ. ಟೈಪ್‌ರೈಟರ್ ಮೇಲೆ ಕಲಿತವನು ನಾನು, ದುಂಡಗಿದ್ದರೆ ಸಾಕು ಅಂತಿದ್ದರು. ಮೊದಲಿಗೆ ಸ್ವಲ್ಪ ದಿನ ಹಂಗೆ ಹೊಡ್ದೆ. ಅವತ್ತು ನಿಮ್ಮತ್ತೆ ಚೀಟಿ ತಗೊಂಡು ಪಕ್ಕಕ್ಕೆ ಸರಿದ ಗಳಿಗೇಲೇ ಯಾರೋ ಇನ್ನೊಂದು ಕೀ ತೋರ್ಸಿದ್ರು. ಹೋಗ್ಲಿ, ನಿಮ್ಮ ಮೇಷ್ಟ್ರು ಏನಂತ ಹೇಳ್ಕೊಟ್ಟಿದ್ರು? ಸಿಗೆ ಏನು ಕೊಟ್ರೆ ಸಿಂ?'

ನಮ್ಮ ಹಳ್ಳಿಯ ಮೇಷ್ಟ್ರು ಬೆತ್ತ ಕುಟ್ಟುತ್ತ ಹೇಳುತ್ತಿದ್ದದ್ದೂ ಅದನ್ನೇ. ಸಿಗೆ ಒಂದು ಸೊನ್ನೆ ಕೊಟ್ಟರೆ ಸಿಂ. ಒಂದರ ಮುಂದೆ ಸೊನ್ನೆ ಕೊಟ್ಟರೆ ಹತ್ತು. ಯಾವ ಸೊನ್ನೆ ಎಂದು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಎಳನೀರು ಕುಡಿಯದೆ ವಾಪಸು ಬಂದೆ.

ಸರಿಪಡಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅಂಕಿಯ ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿದೆ. ಹೆಸರಿನಲ್ಲಿ ಇನ್ನು ಮುಂದೆ ಯಾರೂ ಅಂಕಿ ಸೇರಿಸದ ಹಾಗೆ ಕಟ್ಟುಮಾಡಿದೆ. ಸೇರಿಸಲು ಹೋದರೆ ಪರದೆಯ ಮೇಲೆ 'ಕಣ್ಣು ಬಿಟ್ಟು ಟೈಪ್ ಮಾಡಿ' ಎಂದು ಬರುವಂತೆಯೂ ಮಾಡಿದೆ. ಆ ಮಾತು ನನ್ನ ಸ್ವಂತದ್ದು. ಈಗ ಉಳಿದದ್ದು ಎರಡು ಸಿಂಹಾಸನ, ಒಂದೇ ಹೆಸರು. ಕಚೇರಿಯ ನಿಯಮ ಖಡಾಖಂಡಿತ: ಮೊದಲು ಬರೆಸಿದವರದ್ದು ಹೆಸರು. ಸಾಲಿನಲ್ಲಿ ಮುಂದೆ ನಿಂತವರು ನಮ್ಮತ್ತೆ. ಕಮಲಾಜಮ್ಮನ ಕುರ್ಚಿಯ ಹೆಸರನ್ನು ಅಳಿಸಿ, ಬೇರೆ ಹೆಸರು ಬರೆಸಿಕೊಳ್ಳಿ ಎಂದು ಜವಾನನ ಕೈಲಿ ಹೇಳಿಕಳಿಸಿದೆ. ಇಷ್ಟು ವರ್ಷದ ಮಾತು ಒಂದು ಮಧ್ಯಾಹ್ನದಲ್ಲಿ ಚುಕ್ತಾ ಆಯಿತೆಂಬ ಹೆಮ್ಮೆಗೆ ದಾರಿಯುದ್ದಕ್ಕೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

'ಅತ್ತೆ, ನೀವೇ ಮೊದಲು. ನೀವು ಹೇಳಿದ್ದೇ ಸರಿ' ಎಂದೆ ಹೊಸ್ತಿಲಲ್ಲೇ.

'ನಾನು ಹೇಳ್ಲಿಲ್ವಾ! ಹೇಳ್ಲಿಲ್ವಾ ನಾನು!' ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. 'ಆ ಕಮಲಾಜಿ ಬರ್ಲಿ ಇವತ್ತು. ಕುರ್ಚಿಗೇ ಹೇಳ್ತೀನಿ.'

'ಮೊದಲು ಕರೀರಿ.'

ಅತ್ತೆ ಗಂಟಲು ಸರಿಮಾಡಿಕೊಂಡು ಕರೆದರು. ಮೂಲೆಯಲ್ಲಿ ಏನೋ ಕಿರುಗುಟ್ಟಿತು. ನಮ್ಮ ಕುರ್ಚಿ ಮೈಮುರಿದು, ಹೊತ್ತಿದ್ದ ಪೇಪರುಗಳನ್ನೆಲ್ಲ ಕೆಡವಿ, ಮೊದಲ ಸಲ ನಡೆಯುವ ಮಗುವಿನ ಹಾಗೆ ತಟ್ಟಾಡುತ್ತ ಜಗುಲಿಗೆ ಬಂತು. ಅತ್ತೆ ನಕ್ಕರು, ಚಪ್ಪಾಳೆ ತಟ್ಟಿದರು, ಕೂತು ಎರಡೂ ಕೈಯನ್ನು ಕುರ್ಚಿಯ ಕೈಗಳ ಮೇಲಿಟ್ಟರು. ನಾನು ಎರಡು ಲೋಟ ಕಾಫಿ ತಂದಿಟ್ಟೆ. ಅತ್ತೆ ಬೀದಿಯ ಕಡೆ ನೋಡಿದರು. ಒಂದು ಲೋಟ ಮುಗಿಯಿತು. ಇನ್ನೊಂದರ ಮೇಲೆ ಕೆನೆ ಕಟ್ಟಿತು.

'ಅದು ಬರ್ಲಿಲ್ವಲ್ಲೇ' ಎಂದರು.

'ಯಾವುದು? ಅವರ ಕುರ್ಚಿಯಾ? ಅದಕ್ಕೀಗ ಹೆಸರೇ ಇಲ್ಲ ಅತ್ತೆ. ಹೊಸ ಹೆಸರು ಬರೆಸಬೇಕು. ಇನ್ನು ಇಲ್ಲಿಗೆ ಬಂದು ತೊಂದರೆ ಕೊಡಲ್ಲ, ಬಿಡಿ.'

'ಓ' ಎಂದರು ಅತ್ತೆ.

ಮಾರನೆಯ ದಿನ ಅತ್ತೆ ಕುರ್ಚಿಯನ್ನು ಕರೆದು, ಕೂರದೆ ಅದರ ಎದುರಿನ ಕಟ್ಟೆಯ ಮೇಲೆ ಕೂತರು. 'ಏ ಸಿಂಹಾಸನ' ಎಂದು ಶುರುಮಾಡಿ, ಮುಂದೆ ಏನು ಹೇಳುವುದೆಂದು ತೋಚದೆ ಸುಮ್ಮನಾದರು. ಆಮೇಲಿನ ದಿನಗಳಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು ಎಂದರು, ನನ್ನ ಸೀರೆಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದರು. ನನಗೆ ಉರಿದುಹೋಯಿತು. ಕೆಟ್ಟಿದ್ದಾಗಲೂ ಬೈಗುಳ, ಸರಿಮಾಡಿದರೂ ಬೈಗುಳ. ಕಚೇರಿಯಲ್ಲಿ ತಿನ್ನುವುದು ಸಾಲದೆ ಮನೆಯಲ್ಲೂ ಅದೇ. 'ಏನು ಬೇಕು ನಿಮಗೆ, ಬಾಯಿಬಿಟ್ಟು ಹೇಳಿ!' ಎಂದು ಕೂಗಿದೆ. 'ನಂಗೇನು ಬೇಕೇ? ಕುರ್ಚಿ ಬಂತಲ್ಲ' ಎಂದು ಅತ್ತೆ ಒಳಗೆ ಹೋದರು.

ಒಂದು ಸಂಜೆ ಕಚೇರಿಯಿಂದ ಬಂದಾಗ ಸಿಂಹಾಸನ ತನ್ನ ಹಳೇ ಮೂಲೆಯಲ್ಲಿತ್ತು. ಅದರ ಮೇಲೆ ಪೇಪರುಗಳನ್ನು ಮತ್ತೆ ಅಚ್ಚುಕಟ್ಟಾಗಿ ಜೋಡಿಸಿಡಲಾಗಿತ್ತು. ಅತ್ತೆ ಜಗುಲಿಯ ಬರೀ ನೆಲದ ಮೇಲೆ ಕೂತು ಬೀದಿಯ ಎಡದಂಚನ್ನು ನೋಡುತ್ತಿದ್ದರು. ಯಾರದೋ ಬಕೆಟ್ಟು ಹೋಯಿತು. ಯಾರದೋ ಮೊರ ಹೋಯಿತು. ಆಗ, ಈ ಮೊದ್ದು ತಲೆಗೆ ಹೊಳೆಯಿತು. ಕಮಲಾಜಮ್ಮ ಒಂದು ಮಾತು ಕೂಗಿದ್ದರೆ ಕುರ್ಚಿ ತಾನೇ ಅವರ ಮನೆಗೆ ಹೋಗುತ್ತಿತ್ತು. ಅಷ್ಟು ವರ್ಷ ಮಂಡಿನೋವು ಇಟ್ಟುಕೊಂಡು ಅದರ ಹಿಂದೆ ನಡೆದು ಬಂದದ್ದು ಕಾಲು ಸಡಿಲವಾದೀತೆಂದಲ್ಲ.

ಬೆಳಿಗ್ಗೆ ಕಚೇರಿಗೆ ಹೋದವಳೇ ಯಾರೂ ಇಲ್ಲದಾಗ ಆ ಸೊನ್ನೆಯನ್ನು ಮತ್ತೆ ಅಂಕಿ ಮಾಡಲು ನೋಡಿದೆ. ನನ್ನ ಕೈಯಾರೆ ತೊಳೆದ ಅಂಗಳಕ್ಕೆ ನಾನೇ ಮಣ್ಣು ತುಳಿದುಕೊಂಡು ಬಂದ ಹಾಗಿತ್ತು, ಆದರೂ ನೋಡಿದೆ. 'ಕಣ್ಣು ಬಿಟ್ಟು ಟೈಪ್ ಮಾಡಿ' ಎಂದಿತು ಯಂತ್ರ. ಅದರ ಮೇಲೆ ರೇಗಿದೆ. ರೇಗಿದರೆ ಏನು ಬಂತು, ಮಾತು ನನ್ನದೇ. ಕಟ್ಟಿದ ಗಂಟನ್ನು ಬಿಚ್ಚಬೇಕೆಂದರೆ ಸಾಹೇಬರ ಒಪ್ಪಿಗೆ ಬೇಕು. ಸಾಹೇಬರಿಗೆ ಏನೆಂದು ಹೇಳಲಿ? ನಮ್ಮತ್ತೆಗೆ ಜಗಳವಾಡಲು ಜನವಿಲ್ಲ ಎಂದೇ?

ಅಷ್ಟರಲ್ಲಿ ಹೊರಗೆ ಗಲಾಟೆಯಾಯಿತು. ಬಸ್ಸು ನಿಂತಿತ್ತು, ಎಳನೀರಿನ ಅಂಗಡಿಯ ಮುಂದೆ ಜನ ಸೇರಿದ್ದರು. ನೋಡಿದರೆ ಕಮಲಾಜಮ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದರು. ಹೆಸರಿಲ್ಲದ ಕುರ್ಚಿ ನಡೆಯುವುದಿಲ್ಲವಲ್ಲ. ನಮ್ಮೂರಿನಲ್ಲಿ ಮನುಷ್ಯರು ಕುರ್ಚಿ ಹೊತ್ತದ್ದನ್ನು ಕಂಡವರಿರಲಿಲ್ಲ. ಎಲ್ಲರೂ ಬಾಯಿ ಕಳೆದು ನೋಡುತ್ತಿದ್ದರು. ಅವರು ಯಾರ ಕೈಯನ್ನೂ ತಾಗಿಸಿಕೊಳ್ಳದೆ ಮೆಟ್ಟಿಲು ಹತ್ತಿ, ನನ್ನ ಕೌಂಟರಿನ ಮುಂದೆ ಕುರ್ಚಿ ಇಳಿಸಿ, ಬೆವರು ಒರೆಸಿಕೊಂಡು ಅದಕ್ಕೇ ಹೇಳಿದರು:

'ಕೇಳು ಇವಳ್ನ. ಅತ್ತೆ ಪರ ಕಟ್ಕೊಂಡು ನಿನ್ನ ಹೆಸ್ರು ಕಿತ್ಕೊಂಡ್ಳಲ್ಲ, ಉಂಡ ಅನ್ನ ಅರಗ್ತದಾ ಅಂತ ಕೇಳು.'

'ಕಮಲಾಜಮ್ಮ, ನನ್ನ ಜೊತೆಯಾದ್ರೂ ನೇರ ಮಾತಾಡಿ' ಎಂದೆ. 'ನಿಯಮ ಅದು. ಮೊದಲು ಬರೆಸಿದೋರಿಗೆ ಹೆಸರು.'

'ನಿಯಮ ಇರ್ಲಿ. ಇನ್ನೊಂದು ಹೆಸ್ರು ಬರ್ಕೋ ಅಂತ ಹೇಳ್ಕಳ್ಸಿದ್ಯಲ್ಲ, ಬರ್ಸೋಕೆ ಬಂದಿದೀನಿ.'

'ಹೇಳಿ. 'ದರ್ಬಾರು' ಖಾಲಿ ಇದೆ. 'ಪಟ್ಟದರಸಿ' ಇದೆ, ಚೆನ್ನಾಗಿದೆ.'

'ಚೆಂದ ಕಟ್ಕೊಂಡು ಏನಾಗ್ಬೇಕು?' ಅವರು ಕುರ್ಚಿಯ ಬೆನ್ನನ್ನು ಸವರುತ್ತ ನಿಂತರು. 'ಏನವ್ವ, ನಿಮ್ಮತ್ತೆ ದಿನಕ್ಕೆ ಎಷ್ಟು ಸಲ ನಿನ್ನ ಕೂಗ್ತಾಳೆ?'

'ನನ್ನನ್ನಾ? ಬೆಳಗಾದ್ರೆ ಶುರು. ಯಾಕೆ?'

'ಹಿಂದಿನ ಬೀದಿಗೂ ಕೇಳ್ಸುತ್ತೆ. ಗಂಟಲು ಅದು. ಬೇರೆ ಯಾರಾದ್ರೂ ನಿನ್ನ ಹೆಸ್ರು ಹಿಡಿದು ಕೂಗ್ತಾರಾ?'

ಯೋಚಿಸಿದೆ. ಕಚೇರಿಯಲ್ಲಿ ನಾನು ಬರೀ ಮೇಡಂ. ನನ್ನ ಗಂಡ 'ಏನೇ' ಬಿಟ್ಟು ಇನ್ನೊಂದು ಅಂದವನಲ್ಲ. ತವರಿನವರು ದೂರ. 'ಇಲ್ಲ, ಅವರೊಬ್ಬರೇ' ಎಂದೆ.

'ಬರ್ಕೋ ಹಂಗಾದ್ರೆ' ಎಂದರು ಕಮಲಾಜಮ್ಮ. 'ಅಂಬುಜಾ.'

ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಕೂಡಲೇ ಸಿಟ್ಟು ನೆತ್ತಿಗೇರಿತು. 'ನನ್ನ ಹೆಸರನ್ನ ಕುರ್ಚಿಗೆ ಇಡ್ತೀರಾ? ನಾಲ್ಕು ಜನ ಏನಂದಾರು? ನನಗೂ ಮಾನ ಮರ್ಯಾದೆ ಅನ್ನೋದಿದೆ!'

'ನಿಯಮ ಇದೆಯಾ, ಇಡಬಾರದು ಅಂತ?'

ಹುಡುಕಿದೆ. ಯಂತ್ರದಲ್ಲಿದ್ದವು ವಸ್ತುಗಳ ಹೆಸರು ಮಾತ್ರ. ಅಂಬುಜಾ ಎಂಬ ವಸ್ತು ಊರಿನಲ್ಲಿ ಒಂದೂ ಇರಲಿಲ್ಲ. ಮನುಷ್ಯರ ಹೆಸರನ್ನು ವಸ್ತುವಿಗೆ ಇಡಬಾರದು ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯಬೇಕಿದ್ದವಳು ನಾನೇ.

'ಇಲ್ಲ' ಎಂದೆ ಹಲ್ಲು ಕಚ್ಚಿ.

'ಹೇಳು ಇವಳಿಗೆ' ಎಂದು ಕಮಲಾಜಮ್ಮ ಕುರ್ಚಿಗೆ ಹೇಳಿದರು. ಅವರ ದನಿ ಇದ್ದಕ್ಕಿದ್ದ ಹಾಗೆ ಇಳಿದಿತ್ತು. 'ಸೊನ್ನೆ ನೆಟ್ಟಗೆ ಇಡ್ಬೇಕು ಅಂತ ಹೇಳು. ಈ ಸಲ ಹೆಚ್ಚುಕಮ್ಮಿ ಆದ್ರೆ ನಾನು ಎಲ್ಲಿಗೆ ಅಂತ ಹೋಗ್ಲಿ?'

ನಾನು ಟೈಪ್ ಮಾಡಿದೆ. ಅ, ಅದಕ್ಕೆ ಸೊನ್ನೆ, ಸರಿಯಾದ ಸೊನ್ನೆ. ಬೇರೆಯದನ್ನು ಇಡಲು ನಾನೇ ಬಿಟ್ಟಿರಲಿಲ್ಲ. ಬಿಡಿಬಿಡಿಯಾಗಿ ಓದಿಸಿ ನೋಡಿದೆ, ಇನ್ನೊಮ್ಮೆ ಓದಿಸಿದೆ. ಕೊನೆಗೆ ಖಾಲಿ ಜಾಗ ಉಳಿದಿಲ್ಲ ತಾನೇ ಎಂದೂ ನೋಡಿದೆ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಜೋಪಾನವಾಗಿ ಒಂದು ಹೆಸರು ಬರೆದದ್ದಿಲ್ಲ. ಚೀಟಿ ಕೊಟ್ಟೆ. ಕಮಲಾಜಮ್ಮ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕುರ್ಚಿಯ ಕಾಲು ಮೆಲ್ಲಗೆ ಅಲುಗಿತು. 'ಅಂಬುಜಾ, ನಡೀ ಮನೆಗೆ, ಮಾನಗೆಟ್ಟದ್ದೇ' ಎಂದರು ಅವರು. ನಾನು ಅರ್ಧ ಎದ್ದುಬಿಟ್ಟಿದ್ದೆ. ಎಳನೀರಿನ ಅಂಗಡಿಯಿಂದ ದುಗ್ಗಪ್ಪನವರು ನಕ್ಕದ್ದು ಇಲ್ಲಿಯವರೆಗೂ ಕೇಳಿಸಿತು.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಬೇಕೆಂದೇ ತಡಮಾಡಿದೆ. ಕಾಫಿಯ ಹೊತ್ತು ಮೀರುತ್ತ ಬಂತು. ಜಗುಲಿಯಿಂದ ಅತ್ತೆಯ ದನಿ ಬಂತು: 'ಕಾಫಿ ಕಾಣೋ ಹಾಗಿದೆಯೋ ಇಲ್ವೋ ಈ ಮನೇಲಿ? ಅಂಬುಜಾ! ಏ ಅಂಬುಜಾ!'

ನಾನು ಒಲೆಯ ಮುಂದೆ ಉಸಿರು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯ ಕಡೆಯಿಂದ ಟಕ್ ಟಕ್ ಎಂಬ ಸದ್ದು. ಒಂದು ಕಾಲು ಇನ್ನೂ ಸಡಿಲವಿದ್ದದ್ದರಿಂದ ಟಕ್, ಟಕ್, ಟಕ್, ಲೊಟಕ್. ಅದರ ಹಿಂದೆ ಚಪ್ಪಲಿಯ ಸರಬರ, ಏದುಸಿರು. ಜಗುಲಿಯಲ್ಲಿ ಅತ್ತೆ ಮೂಗು ಒರೆಸಿಕೊಂಡ ಸದ್ದಾಯಿತು.

'ಕೇಳು ಅವಳ್ನ' ಎಂದರು ಅತ್ತೆ. 'ಇಷ್ಟು ದಿನ ಎಲ್ಲಿ ಸತ್ತಿದ್ಲು ಅಂತ.'

'ಹೆಸ್ರು ಕಳ್ಕೊಂಡು ಮನೇಲಿ ಕೂತಿದ್ಲು ಅಂತ ಹೇಳು' ಎಂದರು ಕಮಲಾಜಮ್ಮ.

'ಕಾಫಿ ತರೋಕೆ ಹೇಳು ಅಂಬುಜಾ.'

ಆ ಮಾತು ನನಗೋ, ಕುರ್ಚಿಗೋ ತಿಳಿಯಲಿಲ್ಲ. ಎರಡು ಲೋಟಕ್ಕೆ ಸುರಿದು, ಒಂದಕ್ಕೆ ಸಕ್ಕರೆ ಜಾಸ್ತಿ ಹಾಕಿ ತೆಗೆದುಕೊಂಡು ಹೋದೆ.

ಈಗ ಅತ್ತೆ ಮೊದಲಿಗಿಂತ ಹೆಚ್ಚು ಸಲ ನನ್ನನ್ನು ಕೂಗುತ್ತಾರೆ. ಬೆಳಿಗ್ಗೆ ಸೊಪ್ಪು ಬಿಡಿಸುವಾಗ, ಮಧ್ಯಾಹ್ನ ಅಡಿಕೆ ಕುಟ್ಟುವಾಗ, ನಾನು ಕಚೇರಿಯಲ್ಲಿದ್ದಾಗಲೂ ಕೂಗುತ್ತಾರೆಂದು ನನ್ನ ಗಂಡ ಹೇಳುತ್ತಾನೆ. ಮನುಷ್ಯರ ಹೆಸರನ್ನು ವಸ್ತುವಿಗೆ ಇಡಕೂಡದೆಂದು ನಿಯಮ ಮಾಡಿ ಎಂದು ಸಾಹೇಬರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಮಾಡುತ್ತೇನೆ ಸಾರ್, ಯಂತ್ರ ಸ್ವಲ್ಪ ನಿಧಾನ ಇದೆ ಎನ್ನುತ್ತೇನೆ. ಮನೆಯಲ್ಲಿ 'ಅಂಬುಜಾ' ಎಂಬ ಕೂಗು ಕೇಳಿದರೆ ನಾನೀಗ ಮೊದಲಿನ ಹಾಗೆ ಬುಸುಗುಡುತ್ತ ಏಳುವುದಿಲ್ಲ. ಬೀದಿಯ ಕಡೆ ಕಿವಿಯಿಟ್ಟು ಕಾಯುತ್ತೇನೆ. ಟಕ್ ಟಕ್ ಕೇಳಿಸಿದರೆ ಎರಡು ಲೋಟ ತೆಗೆಯುತ್ತೇನೆ.